ಎರಡು ಗಂಟು ಹಾಕಿದ ಕವರು

2007ರ ಮಾರ್ಚ್ 11, ಭಾನುವಾರ. ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಬರೆಯಲು ಕುಳಿತೆ. ಹಿತ್ತಲಿನ ಬೇಲಿಯ ಕಡೆಯಿಂದ ಸದ್ದು ಕೇಳಿ ಎಚ್ಚರವಾಗಿ ಹತ್ತು ನಿಮಿಷವಾಗಿತ್ತು. ಈ ವರ್ಷ ಇದು ನಾಲ್ಕನೆಯ ಸಲ. ಎದ್ದು ಹೋಗಿ ನೋಡಿದೆ. ಜಾಲಿ ಮುಳ್ಳಿಗೆ ಸಿಕ್ಕಿಕೊಂಡ ಒಂದು ಪ್ಲಾಸ್ಟಿಕ್ ಕವರು ಗಾಳಿಗೆ ಸರಸರ ಎನ್ನುತ್ತಿತ್ತು. ಬಿಡಿಸಿ ತಂದು, ಮಡಚಿ, ಕಲ್ಲಿನ ಕೆಳಗಿಟ್ಟೆ.

ನಮ್ಮಜ್ಜಿ ಬೆಳಗಿನ ಹೊತ್ತು ಒಣಗಿದ ಮುತ್ತುಗದ ಎಲೆಗಳನ್ನು ಮುಂದೆ ಹರವಿಕೊಂಡು ಆರಿಸುವಾಗ ಇದೇ ಸದ್ದು ಬರುತ್ತಿತ್ತು. ಅವಳು ಹೋಗಿ ಹತ್ತು ವರ್ಷವಾದರೂ ನನ್ನ ಕಿವಿ ಎರಡು ಸದ್ದಿಗೂ ವ್ಯತ್ಯಾಸ ಕಲಿತಿಲ್ಲ. ಪ್ರತಿಸಲವೂ ಮೊದಲು ಅಜ್ಜಿ ಕೂತಿದ್ದಾಳೆ ಅನಿಸುತ್ತದೆ. ಕವರು ಎಂದು ತಿಳಿಯುವುದು ಆಮೇಲೆ.

ನಮ್ಮದು ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರಿನ ಹತ್ತಿರದ ಊರು. ಅಜ್ಜಿ ಊಟದೆಲೆ ಹಚ್ಚುತ್ತಿದ್ದಳು. ಮುತ್ತುಗದ ಎಲೆಗಳನ್ನು ದುಂಡಗೆ ಜೋಡಿಸಿ, ಸೀಳಿದ ಬಿದಿರಿನ ಕಡ್ಡಿಯಿಂದ ಒಂದಕ್ಕೊಂದು ಚುಚ್ಚಿ ಸೇರಿಸುವ ಕೆಲಸ. ನೂರು ಎಲೆಗೆ ಒಂದು ಕಟ್ಟು. ಹೊಸದುರ್ಗದ ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿಗೆ ಅವಳೇ ಬಸ್ಸಿನಲ್ಲಿ ಕಟ್ಟುಗಳನ್ನು ಒಯ್ದು ಕೊಟ್ಟು ಬರುತ್ತಿದ್ದಳು. ನಾನು ಮೂರನೆಯ ತರಗತಿಯಲ್ಲಿದ್ದಾಗ, 1995ರ ನವೆಂಬರಿನಲ್ಲಿ ಒಂದು ದಿನ, ಒಯ್ದ ಕಟ್ಟುಗಳನ್ನು ಹಾಗೆಯೇ ಹೊತ್ತು ತಂದಳು. ಇನ್ನೊಂದು ಕೈಯಲ್ಲಿ ಬಿಸಿ ಸಾಂಬಾರಿನ ಕವರು ತೂಗಾಡುತ್ತಿತ್ತು.

"ಯಾಕವ್ವ, ಎಲೆ ತಗಳ್ಳಿಲ್ವಾ?" ಎಂದು ಅಪ್ಪ ಕೇಳಿದ.

"ಬ್ಯಾಡ ಅಂದ್ರು ಕಣಪ್ಪ. ತಟ್ಟೆ ಮ್ಯಾಲೆ ಪಲಾಸ್ಟಿಕ್ ಹಾಳೆ ಹಾಸ್ತಾರಂತೆ. ತಿಂದಾದ ಮ್ಯಾಲೆ ಹಾಳೆ ಎತ್ತಿ ಬಿಸಾಕಿದ್ರೆ ತಟ್ಟೆ ತೊಳೆಯೋ ಕೆಲ್ಸಾನೂ ಇಲ್ವಂತೆ. ಬೇಜಾರು ಮಾಡ್ಕಬ್ಯಾಡಜ್ಜಿ ಅಂತ ಸಾಂಬಾರು ಕೊಟ್ಟ."

ಅವಳಿಗೆ ಬೇಜಾರಾದಂತೆ ಕಾಣಲಿಲ್ಲ. ಕವರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ನನಗೂ ತೋರಿಸಿದಳು. "ಕುದಿಯೋ ಸಾಂಬಾರು ಹಾಕಿದ್ರೂ ಒಂದು ಹನಿ ಸೋರಿಲ್ಲ ನೋಡೆ. ನಾನು ಹಚ್ಚಿದ ದೊನ್ನೆ ಇಷ್ಟೊತ್ತಿಗೆ ಸೀರೆಯೆಲ್ಲ ತೋಯಿಸಿರೋದು." ತನ್ನ ಕೆಲಸ ಕಿತ್ತುಕೊಂಡ ವಸ್ತುವನ್ನು ಅವಳು ಮೆಚ್ಚಿದಷ್ಟು ಮನಸಾರೆ ಬೇರೆ ಯಾರೂ ಮೆಚ್ಚಿದ್ದನ್ನು ನಾನು ಕಂಡಿಲ್ಲ.

ಆದರೆ ಗಂಟು ಬಿಚ್ಚಲು ಅವಳಿಂದ ಆಗಲಿಲ್ಲ. ಅಷ್ಟು ವರ್ಷ ಕಡ್ಡಿ ಚುಚ್ಚಿ ಚುಚ್ಚಿ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಸೆಟೆದುಕೊಂಡಿದ್ದವು. ಎರಡರ ತುದಿ ಕೂಡುತ್ತಿರಲಿಲ್ಲ. ಕವರನ್ನು ಹರಿಯಲು ಮನಸ್ಸಿಲ್ಲ. ತೊಳೆದು ಒಣಗಿಸಿ ಮತ್ತೆ ಬಳಸಬೇಕು.

"ಲೇ, ಬಾರೆ ಇಲ್ಲಿ. ಇದ್ರ ಗಂಟು ಬಿಚ್ಚಿಕೊಡು."

"ಹಲ್ಲಾಗೆ ಕಚ್ಚಿ ಎಳೀ ಅಜ್ಜಿ."

"ಹಲ್ಲೆಲ್ಲಿ ಅವೆ? ಇರೋವು ಎಲ್ಡು. ಅವಕ್ಕೂ ಜಗಳ ಆಗಿ ಒಂದರ ಮಕ ಒಂದು ನೋಡಲ್ಲ."

ಅಂದು ಬಿಚ್ಚಿದ್ದು ಮೊದಲನೆಯ ಗಂಟು. ಅಪ್ಪ ವಾರಕ್ಕೆರಡು ಸಲ ಹೊಸದುರ್ಗಕ್ಕೆ ಹೋಗುತ್ತಿದ್ದ. ಮೊದಲು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಮಂಡಕ್ಕಿ, ಹುರಿಗಡಲೆ, ಖಾರ ಎಲ್ಲವೂ ಕವರಿನಲ್ಲಿ ಬರಲು ಶುರುವಾಯಿತು. ಹತ್ತು ಗಂಟು ಬಿಚ್ಚಿದರೆ ಒಂದು ಚೂರು ಬೆಲ್ಲ ಎಂದು ಅಜ್ಜಿ ಆಸೆ ತೋರಿಸಿದಳು. ನಾನು ಲೆಕ್ಕ ಬರೆಯುವುದನ್ನು ಕಲಿತದ್ದು ಹಾಗೆ. ಹಳೆಯ ಕಾಪಿ ಪುಸ್ತಕದ ಹಿಂದಿನ ಪುಟಗಳಲ್ಲಿ ತಾರೀಖು ಹಾಕಿ, ಗೆರೆ ಎಳೆದು, ಐದಕ್ಕೊಂದು ಅಡ್ಡಗೆರೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಒಟ್ಟು 143 ಗಂಟು. ತಿಂದ ಬೆಲ್ಲ 14 ಚೂರು.

ಅಜ್ಜಿ ತೀರಿಕೊಂಡದ್ದು 1997ರ ಫೆಬ್ರವರಿ 18, ಮಂಗಳವಾರ ಬೆಳಿಗ್ಗೆ. ನನಗೆ ಆಗ ಹತ್ತು ವರ್ಷ. ದೊಡ್ಡಪ್ಪ ಹಿರಿಯೂರಿನಲ್ಲಿ ಆಫೀಸಿನ ಕೆಲಸದಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರೂ ಅವರ ಆಫೀಸಿನ ನಾಲ್ಕೈದು ಜನರೂ ಜೀಪಿನಲ್ಲಿ ಬಂದರು. ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ. ಹೊಲದ ಬದುವಿನ ಹತ್ತಿರ ಗುಣಿ ತೆಗೆದಿದ್ದರು. ಹೊರಡುವ ಮುಂಚೆ ಊರಿನ ಅಯ್ಯನವರು ಬಾಗಿಲಲ್ಲಿ ನಿಂತು ಹೇಳಿದರು: "ಅಜ್ಜಿಗೆ ಇಷ್ಟವಾದ ಪದಾರ್ಥವನ್ನು ಒಂದಿಷ್ಟು ಪಲಾಶ ಪತ್ರದಲ್ಲಿ ಕಟ್ಟಿ ತನ್ನಿ. ಜೊತೆಗೆ ಇಡಬೇಕು."

ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ನಾನು. ಒಳಗೆ ಓಡಿದೆ.

ಅಂದು ನನ್ನ ತಲೆಯಲ್ಲಿ ಏನು ಓಡಿತೆಂಬುದು ಚೆನ್ನಾಗಿ ನೆನಪಿದೆ. ಪತ್ರ ಎಂದರೆ ಕಾಗದ. ಶಾಲೆಯಲ್ಲಿ ಗೆಳತಿಗೆ ಪತ್ರ ಬರೆಯಿರಿ ಎಂದು ಬರೆಸುತ್ತಿದ್ದರು. ಊರಿನವರು ಪಲಾಸ್ಟಿಕ್ ಪೇಪರ್ ಅನ್ನುವುದನ್ನು ಅಯ್ಯನವರು ಶುದ್ಧ ಕನ್ನಡದಲ್ಲಿ ಪಲಾಸ್ ಪತ್ರ ಎಂದರು. ಅಷ್ಟೇ. ಅಜ್ಜಿ ತೊಳೆದು ಒಣಗಿಸಿ ಮೊಳೆಗೆ ಸಿಕ್ಕಿಸಿದ್ದ ಕವರುಗಳಲ್ಲಿ ಒಂದನ್ನು ಎಳೆದುಕೊಂಡೆ. ಎರಡು ಹಿಡಿ ಮಂಡಕ್ಕಿ, ಸ್ವಲ್ಪ ಹುರಿಗಡಲೆ, ಒಂದು ಅಡಿಕೆ, ಒಂದು ಚೂರು ಬೆಲ್ಲ ಹಾಕಿದೆ. ಗಂಟು ಹಾಕಿದೆ. ಮಣ್ಣಿನಲ್ಲಿ ಇರುವೆ ಬರುತ್ತವಲ್ಲ ಎಂದು ಅದರ ಮೇಲೆ ಇನ್ನೊಂದು ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಎಳೆದು ಬಿಗಿ ಮಾಡಿದೆ. ನನ್ನ ತಲೆಯ ಮೇಲೆ ಅಟ್ಟದಲ್ಲಿ ಯಾರೂ ಕೊಳ್ಳದೆ ಉಳಿದ ಮುತ್ತುಗದ ಎಲೆಯ ಹನ್ನೆರಡು ಕಟ್ಟುಗಳಿದ್ದವು.

ಗುಣಿಯ ಬಳಿ ಅಯ್ಯನವರ ಕೈಗೆ ಅದನ್ನು ಕೊಟ್ಟೆ. ಅವರು ಒಮ್ಮೆ ಕವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ದೊಡ್ಡಪ್ಪನ ಕೈಗಿತ್ತರು. ದೊಡ್ಡಪ್ಪ ಬಗ್ಗಿ ಒಳಗಿಟ್ಟರು. ಮೇಲೆ ವಿಭೂತಿ, ಪತ್ರೆ, ಹೂವು, ಆಮೇಲೆ ಮಣ್ಣು. ಸಂಜೆ ನಾನು ಪುಸ್ತಕದಲ್ಲಿ ಬರೆದ ಸಾಲು ಇದು: "ಅಜ್ಜಿ ಹೋದಳು. ಪಲಾಸ್ ಪತ್ರ 1. ಗಂಟು 2."

ನಾಲ್ಕು ವರ್ಷ ಆ ಸಾಲು ನನಗೆ ಏನೂ ಮಾಡಲಿಲ್ಲ.

2001ರ ಜುಲೈ 5, ಗುರುವಾರ. ಒಂಬತ್ತನೆಯ ತರಗತಿ, ಊಟದ ಗಂಟೆಯ ಮುಂಚಿನ ಪೀರಿಯಡ್. ಕನ್ನಡದ ಮೇಷ್ಟ್ರು ಪಾಠದಲ್ಲಿ ಬಂದ ಪದಗಳಿಗೆ ಅರ್ಥ ಬರೆಸುತ್ತಿದ್ದರು. "ಪಲಾಶ ಅಂದ್ರೆ ಮುತ್ತುಗ. ಪತ್ರ ಅಂದ್ರೆ ಎಲೆ. ಬರ್ಕಳ್ರಿ." ಎಲ್ಲರೂ ಬರೆದರು. ನಾನೂ ಬರೆದೆ. ಬರೆದು, ಮುಂದಿನ ಪದಕ್ಕೆ ಹೋಗಲು ಕೈ ಬರಲಿಲ್ಲ. ನನ್ನ ಕಣ್ಣ ಮುಂದೆ ಇದ್ದುದು ಸೆಟೆದುಕೊಂಡ ಎರಡು ಬೆರಳು, ಹಲ್ಲಿನಿಂದ ಬಿಗಿದ ಎರಡು ಗಂಟು. ಜೀವಮಾನವಿಡೀ ಎಲೆ ಹಚ್ಚಿದವಳಿಗೆ ಒಂದು ಎಲೆಯನ್ನೂ ಜೊತೆಗಿಡದೆ, ಅವಳಿಂದ ಬಿಚ್ಚಲಾಗದ್ದನ್ನೇ ಕಟ್ಟಿಕೊಟ್ಟಿದ್ದೆ. ಬಿಚ್ಚಿಕೊಡುತ್ತಿದ್ದವಳು ನಾನು. ನಾನು ಮಣ್ಣಿನ ಮೇಲಿದ್ದೆ.

ಬೇಲಿಯ ಸದ್ದು ಕೇಳಲು ಶುರುವಾದದ್ದು ಆ ವಾರದಿಂದ. ಮೊದಲೂ ಬರುತ್ತಿತ್ತೇನೋ, ನನಗೆ ಕೇಳಿಸಿದ್ದು ಆಗ. ಆ ವರ್ಷದ ಲೆಕ್ಕ 31 ಸಲ. ಅಮ್ಮನಿಗೆ ಗಂಟಿನ ಕತೆಯನ್ನೂ ಸದ್ದಿನ ಕತೆಯನ್ನೂ ಹೇಳಿದೆ.

"ಗಾಳಿ ಕಣೆ ಅದು," ಎಂದಳು.

"ಗಾಳಿ ಅಂತ ನನಗೂ ಗೊತ್ತೈತೆ. ಕರೆಯೋ ಅಂಗೆ ಕೇಳ್ತೈತೆ."

"ಹಂಗಾದ್ರೆ ಹೋಗಿ ಬಿಡಿಸ್ಕಂಡು ಬಾ. ಬೇಲಿಯಾದ್ರೂ ಚೊಕ್ಕಟ ಆಗ್ಲಿ." ನಕ್ಕಳು. ಆದರೆ ಅಂದಿನಿಂದ ಅವಳು ನನ್ನ ಕೈಗೆ ಗಂಟು ಹಾಕಿದ ಕವರನ್ನು ಕೊಟ್ಟದ್ದನ್ನು ನಾನು ಕಾಣೆ. ತಾನೇ ಬಿಚ್ಚಿ, ಡಬ್ಬಿಗೆ ಸುರಿದು ಇಡುತ್ತಿದ್ದಳು.

ಚಿತ್ರದುರ್ಗದಲ್ಲಿ ಬಿ.ಎಸ್ಸಿ.ಗೆ ಸೇರಿದ ಮೊದಲ ವರ್ಷದ ಕೊನೆಯಲ್ಲಿ ನಮ್ಮ ಕೆಮಿಸ್ಟ್ರಿ ಮೇಡಂ ಮೆಕ್ಕೆಜೋಳದ ಹಿಟ್ಟಿನ ಸತ್ವದಿಂದ ಒಂದು ತೆಳು ಹಾಳೆ ಮಾಡಿ ತೋರಿಸಿದರು. ಸತ್ವವನ್ನು ನೀರು, ವಿನೆಗರ್, ಸ್ವಲ್ಪ ಗ್ಲಿಸರಿನ್ ಜೊತೆ ಒಲೆಯ ಮೇಲೆ ತಿರುವಿ, ಗಂಜಿಯಾದ ಮೇಲೆ ತಟ್ಟೆಗೆ ಸವರಿ ಒಣಗಿಸುವುದು. ಎರಡು ದಿನಕ್ಕೆ ತಟ್ಟೆಯಿಂದ ಎದ್ದು ಬಂತು. ಬೆಳಕಿಗೆ ಹಿಡಿದರೆ ಕವರಿನ ಹಾಗೆಯೇ ಆಚೆ ಬದಿ ಕಾಣುತ್ತಿತ್ತು. ಇಂಥದ್ದರಿಂದಲೇ ತಿಂಡಿ ಕಟ್ಟುವ ಚೀಲ, ಲೋಟ, ತಟ್ಟೆ ಮಾಡುವ ಪ್ರಯತ್ನ ಬೇರೆ ಕಡೆ ನಡೆದಿದೆ, ಇದಕ್ಕೆ ಜೈವಿಕ ಪ್ಲಾಸ್ಟಿಕ್ ಎನ್ನುತ್ತಾರೆ ಎಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಇದಕ್ಕೆ ಗಂಟು ಹಾಕಿ ಹೂತರೆ ಗಂಟು ಬಿಡುತ್ತಾ?"

ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. "ತೇವ ಇದ್ರೆ ಬಿಡಬಹುದು. ಒಣ ಮಣ್ಣಲ್ಲಿ ಹೇಳೋಕಾಗಲ್ಲ. ಕಾರ್ಖಾನೆಯಲ್ಲಿ ಗಟ್ಟಿಯಾಗಿ ಮಾಡಿದ್ದಂತೂ ಎಲ್ಲ ಮಣ್ಣಲ್ಲೂ ಸುಮ್ಮನೆ ಕರಗಲ್ಲ. ಬಿಸಿ, ತೇವ ಎರಡೂ ಬೇಕು. ನೋಡಿ ಹೇಳು."

ನೋಡಿದೆ. 2006ರ ಜೂನ್ 18ರ ಭಾನುವಾರ ನಮ್ಮ ಹಿತ್ತಲಿನಲ್ಲಿ ಸಾಲಾಗಿ ಐದು ಕುಣಿ ತೋಡಿದೆ. ಪ್ರತಿಯೊಂದೂ ಒಂದು ಮೊಳ ಆಳ. ಒಂದರಲ್ಲಿ ಮುತ್ತುಗದ ಎಲೆ. ಎರಡರಲ್ಲಿ ನಾನೇ ಮಾಡಿದ ಜೋಳದ ಹಾಳೆ, ಅದರಲ್ಲಿ ಒಂದಕ್ಕೆ ಗಂಟು. ನಾಲ್ಕನೆಯದರಲ್ಲಿ ಎರಡು ಗಂಟು ಹಾಕಿದ ಹೋಟೆಲಿನ ಕವರು. ಐದನೆಯದರಲ್ಲಿ ಚಿತ್ರದುರ್ಗದ ಒಂದು ಅಂಗಡಿಯಲ್ಲಿ ಕೊಟ್ಟ ಚೀಲ. ಅದರ ಮೇಲೆ ಹಸಿರು ಎಲೆಯ ಚಿತ್ರವಿತ್ತು, ಮಣ್ಣಿನಲ್ಲಿ ಕರಗುತ್ತದೆ ಎಂದು ಅಚ್ಚಾಗಿತ್ತು. ಹಾಸ್ಟೆಲಿನಿಂದ ಭಾನುವಾರ ಮನೆಗೆ ಬಂದಾಗೆಲ್ಲ ತೆಗೆದು ನೋಡುವುದು, ಬರೆಯುವುದು, ಮುಚ್ಚುವುದು.

ಅಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. "ಮುತ್ತುಗದ ಎಲೆ ಗಿಡದಾಗೇ ತೂಗಾಡ್ತೈತೆ. ನೀನು ನೋಡಿದ್ರೆ ತಟ್ಟೆ ಮ್ಯಾಲೆ ಅಂಬಲಿ ಒಣಗಿಸಿ ಅದನ್ನ ಹೂಳ್ತಿದೀಯ. ಇದನ್ನ ಕಲಿಯಾಕೆ ದುರ್ಗಕ್ಕೆ ಹೋಗ್ಬೇಕಿತ್ತೇನೆ?"

ಅವಳ ಮಾತು ಸರಿ. ಎಲೆಯೇ ಸಾಕಾಗುತ್ತಿತ್ತು. ಆದರೆ ನನ್ನ ಕೈಯಿಂದ ತಪ್ಪಾದದ್ದು ಕವರಿನಲ್ಲಿ. ಕವರಿನಂಥದ್ದೇ ಒಂದು, ಯಾರ ಬೆರಳೂ ತಾಗದೆ ತಾನಾಗಿ ಬಿಚ್ಚಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು.

ಜೋಳದ ಹಾಳೆಯಿಂದ ಹೋಟೆಲಿನ ಕೆಲಸ ಆಗುವುದಿಲ್ಲವೆಂಬುದು ಬೇಗ ತಿಳಿಯಿತು. ಬಿಸಿ ಸಾಂಬಾರು ಹಾಕಿ ಗಡಿಯಾರ ನೋಡಿದೆ. ಹನ್ನೊಂದು ನಿಮಿಷಕ್ಕೆ ತಳ ಬಿಟ್ಟುಕೊಂಡಿತು. ಬೇಸಿಗೆಯಲ್ಲಿ ಮಾಡಿಟ್ಟ ಹಾಳೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಳೆಗಾಲದಲ್ಲಿ ಮಾಡಿದ್ದು ಕೈಗೆ ಅಂಟುತ್ತಿತ್ತು. ಮಂಡಕ್ಕಿಯಂಥ ಒಣ ತಿಂಡಿಗೆ ಮಾತ್ರ ತಕ್ಕಮಟ್ಟಿಗೆ ಸರಿ.

ಆದರೆ ಮಣ್ಣಿನಲ್ಲಿ ಅದು ಮಾತು ಉಳಿಸಿಕೊಂಡಿತು. ಆ ಸಲ ಮಳೆ ಬಂದಿತ್ತು. ಇಪ್ಪತ್ತೊಂದನೆಯ ದಿನ ಗಂಟಿಲ್ಲದ ಹಾಳೆ ಪೂರ್ತಿ ಕರಗಿ ಹೋಗಿತ್ತು. ಇನ್ನೊಂದರಲ್ಲಿ ಹಾಳೆ ಹೋಗಿ ಗಂಟು ಮಾತ್ರ ಉಳಿದಿತ್ತು, ನೆನೆಸಿದ ಅಡಿಕೆಯಷ್ಟು ದಪ್ಪ, ಮೆತ್ತಗೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ನನಗೆ ಭಯವಾಯಿತು. ಎಲ್ಲಕ್ಕಿಂತ ಕೊನೆಗೆ ಹೋಗುವುದು ಗಂಟೇ ಎಂದಾಯಿತಲ್ಲ. ಇಪ್ಪತ್ತೆಂಟನೆಯ ದಿನ ಅದೂ ಇರಲಿಲ್ಲ. ಮುತ್ತುಗದ ಎಲೆಯಲ್ಲಿ ನರಗಳು ಮಾತ್ರ ಉಳಿದಿದ್ದವು. ಹಸಿರು ಎಲೆಯ ಚಿತ್ರದ ಚೀಲವನ್ನು ಹೂಳುವ ಮುಂಚೆ ಒಂದು ತಿಂಗಳು ಬಿಸಿಲಿಗೆ ಬಿಟ್ಟಿದ್ದೆ. ಅದು ಕರಗಲಿಲ್ಲ, ಉಗುರಿನಷ್ಟು ಚೂರಾಯಿತು. ಚೂರುಗಳನ್ನು ಆರಿಸಿ ಎಣಿಸತೊಡಗಿದೆ. ಮಣ್ಣಿನ ಬಣ್ಣದಲ್ಲಿ ಯಾವುದು ಚೂರು, ಯಾವುದು ಮಣ್ಣು ತಿಳಿಯದೆ 61ಕ್ಕೆ ನಿಲ್ಲಿಸಿದೆ. ಎಣಿಕೆಯನ್ನು ಅರ್ಧಕ್ಕೆ ಬಿಟ್ಟದ್ದು ಅದೊಂದೇ ಸಲ. ಹೋಟೆಲಿನ ಕವರು ಇಟ್ಟ ಹಾಗೆಯೇ ಇತ್ತು. ತೊಳೆದರೆ ಮತ್ತೆ ಸಾಂಬಾರು ತರಬಹುದಿತ್ತು. ಅದರ ಎರಡು ಗಂಟು, ನಾನು ಬಿಗಿದಷ್ಟೇ ಬಿಗಿ.

ಅಲ್ಲಿಗೆ ಅಜ್ಜಿಯ ಹತ್ತಿರ ಇರುವ ಕವರಿನ ಸ್ಥಿತಿ ಏನೆಂಬುದು ನನಗೆ ತಿಳಿದ ಹಾಗಾಯಿತು.

ಅಯ್ಯನವರು ಅಷ್ಟರಲ್ಲಿ ನಮ್ಮೂರು ಬಿಟ್ಟು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಮಗಳ ಮನೆಯಲ್ಲಿದ್ದರು. ಆಗಸ್ಟ್ 19ರ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದೆ. ಜಗಲಿಯ ಮೇಲೆ ಕೂತು ಪುಸ್ತಕ ಓದುತ್ತಿದ್ದರು.

"ಬಾರವ್ವ, ಕುಂತ್ಕ. ಯಾರ ಪೈಕಿ ನೀನು?"

"ಎಲೆ ಹಚ್ಚೋ ಅಜ್ಜಿ ಮೊಮ್ಮಗಳು, ಅಯ್ಯನೋರೇ."

ಅವರು ಕನ್ನಡಕ ತೆಗೆದರು. "ಆ ಹುಡುಗಿ," ಎಂದರು. ನಾನು ಬಂದ ಕೆಲಸ ಅವರಿಗೆ ಆಗಲೇ ತಿಳಿದಂತಿತ್ತು.

"ಅವತ್ತು ನಾನು ಕೊಟ್ಟಿದ್ದನ್ನ ನೋಡಿದ್ರಲ್ಲ?"

"ನೋಡಿದೆ."

"ಮತ್ಯಾಕೆ ಸುಮ್ಕಿದ್ರಿ?"

"ಗುಣಿ ಮುಂದೆ ನಿಂತ ಮಗೀನ ಕೈಯಾಗಿಂದು ಕಸ್ಕಂಡು, ಇದಲ್ಲ ಬ್ಯಾರೆ ತಾ ಅನ್ನಾಕೆ ಬಾಯಿ ಬರ್ಲಿಲ್ಲವ್ವ." ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು. "ತಪ್ಪು ನಂದು. ಮುತ್ತುಗದ ಎಲೆ ಅಂದಿದ್ರೆ ಮುಗೀತಿತ್ತು. ದಿನಾ ಅದನ್ನೇ ಅಂತಿದ್ದೆ. ಅವತ್ತು ನಿಮ್ಮ ದೊಡ್ಡಪ್ಪನ ಆಫೀಸಿನೋರು ಪ್ಯಾಂಟು ಶರಟು ಹಾಕ್ಕಂಡು ನಿಂತಿದ್ರಲ್ಲ, ಅದಕ್ಕೆ ಒಂದು ದೊಡ್ಡ ಮಾತು ಆಡಿಬಿಟ್ಟೆ. ಆಮ್ಯಾಲೆ ಮುತ್ತುಗದ ಮರ ಕಂಡಾಗೆಲ್ಲ ನಿನ್ನ ಮಕ ನೆಪ್ಪಾಗೋದು."

ಇಷ್ಟು ವರ್ಷ ನನ್ನೊಬ್ಬಳದೇ ಎಂದುಕೊಂಡಿದ್ದನ್ನು ಇವರೂ ಹೊತ್ತು ತಿರುಗಿದ್ದರು. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇಬ್ಬರು ಕಂಡಿದ್ದಾರೆ ಎಂದ ಮೇಲೆ ಅದು ಇನ್ನೂ ನಿಜವಾಯಿತು.

"ಈಗೇನು ಮಾಡ್ಲಿ? ಶಾಸ್ತ್ರದಾಗೆ ಏನೈತೆ?"

"ಶಾಸ್ತ್ರದಾಗೆ ಪಲಾಸ್ಟಿಕ್ ಇಲ್ಲ ಕಣವ್ವ," ಎಂದರು. ನಗಿಸಲು ಹೇಳಿದ್ದಲ್ಲ. "ಇನ್ನೊಂದು ಕಟ್ಟು. ಬಿಚ್ಚಾಕೆ ಬರೋ ಅಂಗೆ ಕಟ್ಟು. ಗುಣಿ ಅಗೀಬ್ಯಾಡ. ಮ್ಯಾಲಿಡು."

ಆ ವರ್ಷದ ಹಿರಿಯರ ಹಬ್ಬದ ದಿನ ಬೆಳಿಗ್ಗೆ ನಾನು, ಅಪ್ಪ ಹೊಲಕ್ಕೆ ಹೋದೆವು. ಜೋಳದ ಹಾಳೆಯಲ್ಲಿ ಮಂಡಕ್ಕಿ, ಹುರಿಗಡಲೆ, ಅಡಿಕೆ, ಬೆಲ್ಲ. ಗಂಟು ಹಾಕಿರಲಿಲ್ಲ. ಬರಿದೆ ಮಡಚಿ, ಅಜ್ಜಿ ಬಿಟ್ಟುಹೋದ ಕಡ್ಡಿಗಳಲ್ಲಿ ಒಂದನ್ನು ಚುಚ್ಚಿದ್ದೆ. ಅಪ್ಪ ಗುದ್ದಲಿ ಎತ್ತಿದವನು ನಿಲ್ಲಿಸಿದ. ಸಮಾಧಿಯ ಕಲ್ಲಿನ ಎಡಕ್ಕೆ ಹೆಗ್ಗಣದ ಬಿಲ. ಬಿಲದ ಬಾಯಲ್ಲಿ ಹೊಸ ಮಣ್ಣು. ಮಣ್ಣಿನಲ್ಲಿ ಒಂದು ಕವರಿನ ತುಂಡು.

ಎಳೆದೆ. ಬಂತು. ಕೆಳಗಿನ ಅರ್ಧವನ್ನು ಕಡಿದು ಹಾಕಿತ್ತು. ಮೇಲಿನ ಅರ್ಧ ಇತ್ತು. ಗಂಟು ಇತ್ತು. ಎರಡು.

"ಎಲ್ಲಿಂದಾನ ಎಳ್ಕಂಡು ಬಂದೈತೆ ಬಿಡು," ಎಂದ ಅಪ್ಪ. "ಊರ ತುಂಬ ಇವೇ ಅವೆ. ಅಷ್ಟು ಆಳದಿಂದ ತರಾಕೆ ಆಗ್ತೈತಾ?"

ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕಲ್ಲಿನ ಪಕ್ಕ ಕೂತು ಬಿಚ್ಚತೊಡಗಿದೆ. ಗಡಿಯಾರ 8 ಗಂಟೆ 12 ನಿಮಿಷ. ಮೊದಲನೆಯ ಗಂಟು ಬೇಗ ಬಂತು. ಎರಡನೆಯದು ಉಗುರಿಗೆ ಸಿಗಲಿಲ್ಲ. ಹಲ್ಲು ಹಚ್ಚಲು ಹೋದೆ, ಅಪ್ಪ "ಲೇ!" ಎಂದು ಗದರಿದ. ಕಡ್ಡಿಯ ತುದಿ ತೂರಿಸಿ ಸಡಿಲಿಸಿದೆ. 8 ಗಂಟೆ 19 ನಿಮಿಷಕ್ಕೆ ಅದು ಬಿಟ್ಟಿತು. ಒಳಗೆ ಏನೂ ಇರಲಿಲ್ಲ, ಬರೀ ಮಣ್ಣು. ಪುಸ್ತಕದಲ್ಲಿ ಹತ್ತು ವರ್ಷದ ಹಿಂದಿನ 143ರ ಮುಂದೆ ಎರಡು ಗೆರೆ ಎಳೆದೆ. ಎಳೆದು, ಅವುಗಳ ಪಕ್ಕ ಒಂದು ಪ್ರಶ್ನೆಯ ಗುರುತು ಹಾಕಿದೆ.

ಜೋಳದ ಹಾಳೆಯ ಪೊಟ್ಟಣವನ್ನು ಅಪ್ಪ ಮೇಲೆ ಮೇಲೆ ಹೂತ. ಇಪ್ಪತ್ತೆಂಟು ದಿನ ಬಿಟ್ಟು ಹೋಗಿ ಕೈಯಿಂದ ಮಣ್ಣು ಸರಿಸಿದಾಗ ಕಡ್ಡಿ ಮಾತ್ರ ಸಿಕ್ಕಿತು. ಪೊಟ್ಟಣ ತಾನಾಗಿ ಬಿಚ್ಚಿಕೊಂಡಿತ್ತು. ಆದರೆ ಬೇಲಿಯ ಸದ್ದು ನಿಂತಿಲ್ಲ. ಈಗ ಅದು ನನ್ನನ್ನು ಕೇಳುವುದು ಒಂದೇ ಮಾತು: ನೀನು ಬಿಚ್ಚಿದ್ದು ನನ್ನದೋ, ಬೇರೆ ಯಾರದೋ?

ಅಜ್ಜಿಯ ಜೊತೆ ಇಟ್ಟ ಕವರಿನ ಬಣ್ಣವನ್ನು ನಾನು ಬರೆದಿಟ್ಟಿಲ್ಲ. ಸಂಖ್ಯೆ ಬರೆದರೆ ಸಾಕು ಎಂದುಕೊಂಡ ವಯಸ್ಸು ಅದು. ನನಗೆ ನೆನಪಿರುವುದು ಬಿಳಿ ಎಂದಷ್ಟೇ, ಮತ್ತು ಅದು ಆ ಹೋಟೆಲಿನಿಂದ ಬಂದದ್ದು. ಬಿಲದಲ್ಲಿ ಸಿಕ್ಕ ತುಂಡೂ ಬಿಳಿ. ಅದರ ಬಾಯಿಯ ಅಂಚಿನಲ್ಲಿ ದಾರದಷ್ಟು ಸಣ್ಣ ಹಸಿರು ಗೆರೆ ಇದೆ. ಅದನ್ನು ತೊಳೆದು, ಒಣಗಿಸಿ, ಕಾಪಿ ಪುಸ್ತಕದ ನಡುವೆ ಇಟ್ಟಿದ್ದೇನೆ.

1995ರಿಂದ 1997ರವರೆಗೆ ಹೊಸದುರ್ಗದ ಬಸ್ ನಿಲ್ದಾಣದ ಬಳಿ ಸಾಂಬಾರು ಕಟ್ಟಿಸಿಕೊಂಡವರು, ಕಟ್ಟಿಕೊಟ್ಟವರು, ಆ ಕವರುಗಳನ್ನು ತೊಳೆದು ಮೊಳೆಗೆ ಸಿಕ್ಕಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಅಂಚಿನಲ್ಲಿ ಹಸಿರು ಗೆರೆ ಇತ್ತೇ ಎಂದು ಒಂದು ಸಾಲು ಬರೆದು ತಿಳಿಸಿ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ನಾನು ಬಂದು ನೋಡುತ್ತೇನೆ. ಗೆರೆ ಇರಲಿಲ್ಲ ಎಂದಾದರೂ ಬರೆಯಿರಿ.